ಕ್ಷಾಮವೂ ಗರ್ಭಸ್ಥ ಶಿಶುವೂ: ರಾಯಚೂರು ದೋಆಬಿನ ಬರಗಾಲಗಳ ಚರಿತ್ರೆಗೆ ಒಂದು ಟಿಪ್ಪಣಿ

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ರಾಯಚೂರು ದೋಆಬ್ ಪ್ರದೇಶವು ಇತಿಹಾಸದ ವಿದ್ಯಾರ್ಥಿಗಳಿಗೆ ಸುಪರಿಚಿತವಾದುದು. ಬಹಮನಿ ಸುಲ್ತಾನರಿಗೂ ವಿಜಯನಗರದ ಅರಸರಿಗೂ ಈ ನೆಲಕ್ಕಾಗಿ ನಡೆದ ಹೋರಾಟಗಳು, 1520ರ ರಾಯಚೂರು ಕದನ, ಇವೆಲ್ಲ ನಮ್ಮ ಪಠ್ಯಗಳಲ್ಲಿ ವಿಸ್ತಾರವಾಗಿ ವರ್ಣಿತವಾಗಿವೆ. ಆದರೆ ದೇವದುರ್ಗ, ಮಾನ್ವಿ ಮೊದಲಾದ ಸೀಮೆಗಳ ಜನಜೀವನವನ್ನು ಕದನಗಳಷ್ಟೇ ಆಳವಾಗಿ ತಟ್ಟಿದುದು ಮಳೆಯ ಅಭಾವ. ಬರಗಾಲದ ಪರಿಣಾಮವನ್ನು ಸತ್ತವರ ಸಂಖ್ಯೆಯೊಂದರಿಂದಲೇ ಅಳೆಯುವ ರೂಢಿಯು ಸಾಲದೆಂಬುದನ್ನು ಶರೀರಶಾಸ್ತ್ರದ ಶೋಧನೆಗಳ ನೆರವಿನಿಂದ ತೋರಿಸುವುದು ಈ ಲೇಖನದ ಉದ್ದೇಶ.

ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಎಂದರೆ 1876ರಿಂದ 1878ರವರೆಗೆ, ದಖ್ಖನವನ್ನು ಆವರಿಸಿದ ಮಹಾಕ್ಷಾಮವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಆಗ ದೇವದುರ್ಗವು ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿದ್ದಿತು. ತುಂಗಭದ್ರೆಯ ಆಚೆಯ ಬಳ್ಳಾರಿಯು ಮದರಾಸು ಆಧಿಪತ್ಯಕ್ಕೆ ಸೇರಿದ್ದಿತು. ಕ್ಷಾಮವು ಈ ಎಲ್ಲೆಗಳನ್ನು ಗಣಿಸಲಿಲ್ಲ. ಮೈಸೂರು ಸಂಸ್ಥಾನದ ಜನಸಂಖ್ಯೆಯು 1871ರಲ್ಲಿ 50,55,412 ಇದ್ದುದು 1881ರಲ್ಲಿ 41,86,188ಕ್ಕೆ ಇಳಿಯಿತು. 1877ರ ಜನವರಿಯಲ್ಲಿ ಸರ್ ರಿಚರ್ಡ್ ಟೆಂಪಲನು ಮದರಾಸು ಆಧಿಪತ್ಯದ ಪರಿಹಾರ ಕಾಮಗಾರಿಗಳಲ್ಲಿ ದುಡಿಯುವ ಆಳಿಗೆ ದಿನಕ್ಕೆ ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ, ಧಾನ್ಯದ ಬೆಲೆಯೂ ಅಲ್ಪ ಚಿಲ್ಲರೆಯೂ ಸಾಕೆಂದು ಗೊತ್ತುಪಡಿಸಿದನು. ಅಷ್ಟರಿಂದ ದೇಹವು ಸವೆದುಹೋಗುವುದೆಂದು ಆಧಿಪತ್ಯದ ಸ್ಯಾನಿಟರಿ ಕಮಿಷನರ್ ಕಾರ್ನಿಷನು ಪ್ರತಿಭಟಿಸಿದನು. ಅದೇ ವರ್ಷ ಪ್ರಮಾಣವನ್ನು ಹೆಚ್ಚಿಸಲಾಯಿತು. ಈ ಪ್ರಸಿದ್ಧ ವಾಗ್ವಾದದಲ್ಲಿ ಇಬ್ಬರೂ ಮುಖ್ಯವಾಗಿ ಎಣಿಕೆಗೆ ತಂದುದು ದುಡಿಯುವ ದೇಹವನ್ನು. ಹಸಿದ ಗರ್ಭಿಣಿಯ ಒಡಲಲ್ಲಿದ್ದ ಶಿಶುವಿನ ಪಾಡೇನು ಎಂಬ ಪ್ರಶ್ನೆಗೆ ಉತ್ತರ ಹೇಳಬಲ್ಲ ಶಾಸ್ತ್ರವು ಆಗಿನ್ನೂ ಹುಟ್ಟಿರಲಿಲ್ಲ.

ಆ ಶಾಸ್ತ್ರದ ಸಾರವಿಷ್ಟು. ಹಸಿವು, ಭಯ, ರೋಗ ಮೊದಲಾದ ಒತ್ತಡಗಳು ಒದಗಿದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತವೆ. ಈ ಗ್ರಂಥಿಯ ಹಾರ್ಮೋನುಗಳನ್ನು ಶೋಧಿಸಿದ ಕೆಂಡಾಲ್, ರೈಖ್‌ಸ್ಟೈನ್ ಮತ್ತು ಹೆಂಚ್ ಎಂಬವರಿಗೆ 1950ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಕಾರ್ಟಿಸಾಲು ಜೀವಕೋಶದೊಳಗಿನ ಗ್ರಾಹಕವೆಂಬ ಪ್ರೋಟೀನಿನೊಡನೆ ಕೂಡಿ, ಕೋಶಕೇಂದ್ರವನ್ನು ಹೊಕ್ಕು, ಕೆಲವು ಜೀನುಗಳನ್ನು ಚುರುಕುಗೊಳಿಸುತ್ತದೆ, ಕೆಲವನ್ನು ಅಡಗಿಸುತ್ತದೆ. ಉಪವಾಸದಲ್ಲಿ ಕೊಬ್ಬನ್ನು ಕರಗಿಸಲು ನೆರವಾಗುವ ಇದೇ ಹಾರ್ಮೋನು, ಇನ್ಸುಲಿನ್ ಹೇರಳವಾಗಿರುವಾಗ ಕೊಬ್ಬನ್ನು ಕೂಡಿಡುವುದಕ್ಕೂ ಎಳೆಯ ಕೋಶಗಳು ಕೊಬ್ಬಿನ ಕೋಶಗಳಾಗಿ ಬಲಿಯುವುದಕ್ಕೂ ಕಾರಣವಾಗುತ್ತದೆ. ಚರ್ಮದಡಿಯ ಕೊಬ್ಬಿಗಿಂತ ಹೊಟ್ಟೆಯೊಳಗಿನ ಕೊಬ್ಬಿನಲ್ಲಿ ಈ ಗ್ರಾಹಕಗಳು ಹೆಚ್ಚಾಗಿರುತ್ತವೆ. ಗರ್ಭಾವಸ್ಥೆಯಲ್ಲಿ ಮಾಸಿನಲ್ಲಿರುವ ಕಿಣ್ವವೊಂದು ತಾಯಿಯ ಕಾರ್ಟಿಸಾಲಿನ ಬಹುಭಾಗವನ್ನು ನಿಷ್ಕ್ರಿಯಗೊಳಿಸಿ ಶಿಶುವನ್ನು ಕಾಯುತ್ತದೆ. ಗರ್ಭಿಣಿ ಇಲಿಗಳ ಆಹಾರದಲ್ಲಿ ಪ್ರೋಟೀನನ್ನು ಕಡಿಮೆಮಾಡಿದಾಗ ಈ ಕಾವಲು ಸಡಿಲವಾಗುವುದೆಂದೂ ಮರಿಗಳ ಯಕೃತ್ತಿನಲ್ಲಿ ಗ್ರಾಹಕಗಳು ಅಧಿಕವಾಗುವುವೆಂದೂ ಪ್ರಯೋಗಗಳಿಂದ ತಿಳಿದುಬಂದಿದೆ. ಹೀಗೆ ತಾಯಿಯ ಹಸಿವು ಮರಿಯ ದೇಹವನ್ನು ಮಿತವ್ಯಯಕ್ಕೂ ಸಂಗ್ರಹಕ್ಕೂ ಮೊದಲೇ ಅಣಿಗೊಳಿಸುತ್ತದೆ.

ಮನುಷ್ಯರ ವಿಷಯದಲ್ಲಿ ಇಂಥ ಪ್ರಯೋಗವು ಸಲ್ಲದು. ಇಲ್ಲಿ ಇತಿಹಾಸದ ದಾಖಲೆಗಳೇ ಆಧಾರ. 1944-45ರ ಚಳಿಗಾಲದಲ್ಲಿ ಜರ್ಮನ್ ಸೇನೆಯ ಆಕ್ರಮಣಕ್ಕೊಳಗಾಗಿದ್ದ ಹಾಲೆಂಡಿನಲ್ಲಿ ಕ್ಷಾಮವು ತಲೆದೋರಿತು. ಸೈನ್ಯದ ತಪಾಸಣೆಗೆ ಬಂದ 19 ವರ್ಷದ ಸುಮಾರು 3,00,000 ತರುಣರ ದಾಖಲೆಗಳನ್ನು ಪರಿಶೀಲಿಸಿ 1976ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಗರ್ಭದ ಮೊದಲ ಅರ್ಧದಲ್ಲಿ ಕ್ಷಾಮಕ್ಕೆ ಸಿಕ್ಕವರಲ್ಲಿ ಸ್ಥೂಲತೆ ಹೆಚ್ಚು. ಕೊನೆಯ ತಿಂಗಳುಗಳಲ್ಲಿ ಸಿಕ್ಕವರಲ್ಲಿ ಕಡಿಮೆ. ನಮ್ಮ ನಾಡಿನಲ್ಲಿಯೇ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು 1934ರಿಂದ ಶಿಶುಗಳ ಜನನದ ತೂಕವನ್ನು ಬರೆದಿಟ್ಟಿದ್ದಿತು. ಹಾಗೆ ಹುಟ್ಟಿದ 517 ಜನರನ್ನು ಕುರಿತು 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸುಮಾರು 2.5 ಕಿಲೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೂಗಿದವರ ಪೈಕಿ ಶೇಕಡಾ 11 ಮಂದಿಗೆ ಹೃದಯದ ರಕ್ತನಾಳಗಳ ರೋಗವಿದ್ದಿತು, 3.1 ಕಿಲೋಗ್ರಾಂಗೆ ಮೇಲ್ಪಟ್ಟವರಲ್ಲಿ ಶೇಕಡಾ 3 ಮಾತ್ರ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇಲಿಗಳಲ್ಲಿ ಸ್ಪಷ್ಟವಾಗಿ ಕಾಣುವ ಈ ಬಗೆಯ ಹಾರ್ಮೋನಿನ ಪಾತ್ರವು ಮನುಷ್ಯರಲ್ಲಿ ಅಷ್ಟು ನಿಸ್ಸಂದಿಗ್ಧವಾಗಿಲ್ಲ. ಮೈಸೂರಿನಲ್ಲಿಯೇ ನಡೆದ ಮಧುಮೇಹದ ಅಧ್ಯಯನವು ಗಿಡ್ಡಾಗಿಯೂ ದುಂಡಾಗಿಯೂ ಹುಟ್ಟಿದವರಿಗೂ ಅಪಾಯವಿದೆಯೆಂದು ತೋರಿಸಿತು. ಆದಕಾರಣ ದೇವದುರ್ಗದ ಇಂದಿನ ರೋಗಗಳಿಗೆಲ್ಲ ಧಾತು ಈಶ್ವರ ಬರವೇ ಕಾರಣವೆಂದು ಹೇಳುವುದು ಸಾಹಸವಾದೀತು. ಬರವು ಮಳೆಯೊಡನೆ ಮುಗಿಯುವುದಿಲ್ಲ, ಗರ್ಭದಲ್ಲಿದ್ದವರ ಆಯುಷ್ಯ ಮುಗಿಯುವವರೆಗೂ ಅದು ನಡೆಯಬಹುದು ಎಂದಷ್ಟೇ ನಾವು ಹೇಳಬಲ್ಲೆವು.

ಈ ಮಾತು ಹಳೆಯ ಕಾಲಕ್ಕೆ ಮಾತ್ರ ಸಲ್ಲುವುದಲ್ಲ. ಮಾನ್ವಿಗೆ ತುಂಗಭದ್ರಾ ಎಡದಂಡೆ ಕಾಲುವೆಯ, ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬಂದ ಮೇಲೆಯೂ 2011ರಲ್ಲಿ ರಾಯಚೂರು ಜಿಲ್ಲೆಯ ಮಕ್ಕಳ ಅಪೌಷ್ಟಿಕತೆಯು ನಾಡಿನ ಗಮನ ಸೆಳೆಯಿತು. ತರುವಾಯ ನ್ಯಾಯಮೂರ್ತಿ ಎನ್. ಕೆ. ಪಾಟೀಲರ ಅಧ್ಯಕ್ಷತೆಯಲ್ಲಿ ಸಮಿತಿಯು ನೇಮಕವಾಯಿತು. 2017ರಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆಯನ್ನು ಮೊದಲು ಪರೀಕ್ಷಿಸಿದ ತಾಲ್ಲೂಕುಗಳಲ್ಲಿ ಮಾನ್ವಿಯೂ ಒಂದು. 1877ರ ಲೆಕ್ಕದಲ್ಲಿ ಗೌಣವಾಗಿದ್ದ ತಾಯಿಯು ಇಲ್ಲಿ ಲೆಕ್ಕದ ಮೊದಲ ಸಾಲಿಗೆ ಬಂದಳು. ಕ್ಷಾಮಚರಿತ್ರೆಯನ್ನು ಬರೆಯುವವರು ಮರಣದ ದಾಖಲೆಗಳೊಡನೆ ಜನನದ ದಾಖಲೆಗಳನ್ನೂ, ತಾಲ್ಲೂಕು ಆಸ್ಪತ್ರೆಗಳ ಹಳೆಯ ಹೆರಿಗೆ ಪುಸ್ತಕಗಳನ್ನೂ ಹುಡುಕಿ ಕಾಪಾಡುವುದು ಅವಶ್ಯಕ. ಮೈಸೂರಿನಲ್ಲಿ ಅರ್ಧ ಶತಮಾನದ ಅನಂತರ ಫಲ ಕೊಟ್ಟುದು ಅಂಥ ಪುಸ್ತಕಗಳೇ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸತಕ್ಕದ್ದು.