ಕರಾರು, ಅನುದಾನ, ಗುಳೆ: ಕಲಬುರಗಿ ಸೀಮೆಯಲ್ಲಿ ಚಾರ್ಟರ್ ಶಾಲೆಯ ಪ್ರಶ್ನೆ

ಚಾರ್ಟರ್ ಶಾಲೆ ಹುಟ್ಟಿದ್ದು ಅಮೆರಿಕದ ಮಿನ್ನೆಸೊಟ ರಾಜ್ಯ 1991ರಲ್ಲಿ ತಂದ ಕಾಯ್ದೆಯಿಂದ. ಹಣ ಸರ್ಕಾರದ್ದು, ಆಡಳಿತ ಸ್ವತಂತ್ರ ಮಂಡಳಿಯದು. ಮಕ್ಕಳಿಂದ ಬೋಧನಾ ಶುಲ್ಕವಿಲ್ಲ; ಅರ್ಜಿಗಳು ಸೀಟುಗಳನ್ನು ಮೀರಿದರೆ ಲಾಟರಿ ಎತ್ತುತ್ತಾರೆ. ಬೋಧನಾ ಕ್ರಮ, ನೇಮಕಾತಿ, ವೇಳಾಪಟ್ಟಿಯಲ್ಲಿ ಮಂಡಳಿಗೆ ಸಡಿಲಿಕೆ ಇದೆ, ಆದರೆ ಕರಾರಿಗೆ ಅವಧಿಯಿದೆ. ಒಪ್ಪಿಕೊಂಡ ಫಲ ಬಾರದಿದ್ದರೆ ಕರಾರು ನವೀಕರಣಗೊಳ್ಳದೆ ಶಾಲೆ ಮುಚ್ಚಬಹುದು.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ್ದು ಅನುದಾನಿತ ಶಾಲೆ. 1956ರ ಏಕೀಕರಣದ ಬೆನ್ನಿಗೇ, 1958ರಲ್ಲಿ, ಕಲಬುರಗಿಯಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಆರಂಭವಾಯಿತು. ನಿಜಾಮರ ಆಡಳಿತ ಬಿಟ್ಟುಹೋದ ಕೊರತೆಯನ್ನು ಸರ್ಕಾರವೊಂದೇ ತುಂಬಲಾರದೆಂಬ ಅರಿವು ಅಂಥ ಸಂಸ್ಥೆಗಳ ಹಿಂದಿತ್ತು. ಅನುದಾನಿತ ಶಾಲೆಯಲ್ಲಿ ಆಡಳಿತ ಮಂಡಳಿ ಖಾಸಗಿ, ಶಿಕ್ಷಕರ ಸಂಬಳ ಸರ್ಕಾರದ್ದು. ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ಚಾರ್ಟರ್ ಶಾಲೆಗೆ ಹಣ ಮುಖ್ಯವಾಗಿ ಮಕ್ಕಳ ಸಂಖ್ಯೆಯ ಮೇಲೆ ಬರುತ್ತದೆ, ಇಲ್ಲಿ ಮಂಜೂರಾದ ಹುದ್ದೆಯ ಮೇಲೆ. ಶಿಕ್ಷಕರು ನಿವೃತ್ತರಾದರೆ ಇಲಾಖೆಯ ಅನುಮತಿ ಬರುವತನಕ ಆ ಹುದ್ದೆ ಖಾಲಿ. ಅನುದಾನಕ್ಕೆ ಕರಾರಿನಂಥ ಅವಧಿಯಿಲ್ಲ. ನನ್ನ ದೃಷ್ಟಿಯಲ್ಲಿ ಇದು ಸಡಿಲಿಕೆಯನ್ನೂ ಕೊಡದೆ ಹೊಣೆಯನ್ನೂ ಕೇಳದೆ ನಡೆಯುವ ವ್ಯವಸ್ಥೆ.

ವಾಡಿ, ಸೇಡಂಗಳ ಸಿಮೆಂಟ್ ಕಂಪನಿಗಳ ಶಿಕ್ಷಣ ವೆಚ್ಚದ ಮಾತು ಬೇರೆ. ಅದು ಕಂಪನಿಯ ಹಣ. 2013ರ ಕಂಪನಿ ಕಾಯ್ದೆ ಸಾಮಾಜಿಕ ಹೊಣೆಯ ವೆಚ್ಚವನ್ನು ಲಾಭಕ್ಕೆ ಜೋಡಿಸಿದೆ. ಅದನ್ನು ಸಾರ್ವಜನಿಕ ಶಿಕ್ಷಣದ ಬುನಾದಿ ಎನ್ನಲಾಗದು.

ಚಾರ್ಟರ್ ಕಲ್ಪನೆ ನಿಜವಾಗಿ ಮುಗ್ಗರಿಸುವುದು ಚಿಂಚೋಳಿಯ ತಾಂಡಾಗಳಲ್ಲಿ. ಕರಾರು ಮುರಿದು ಶಾಲೆ ಮುಚ್ಚುವ ಬೆದರಿಕೆಗೆ ಅರ್ಥ ಬರಬೇಕಾದರೆ ಮಗು ನಡೆದುಹೋಗುವಷ್ಟು ಹತ್ತಿರ ಇನ್ನೊಂದು ಶಾಲೆ ಇರಬೇಕು. ಒಂದರಿಂದ ಐದನೆಯ ತರಗತಿಗೆ ಒಂದು ಕಿಲೋಮೀಟರಿನೊಳಗೆ ಶಾಲೆ ಎಂಬ ನಿಯಮವನ್ನು ಕುಂಚಾವರಂ ಕಡೆಯ ಕಾಡು, ಗುಡ್ಡಗಳಲ್ಲಿ ಒಂದೇ ಶಾಲೆ ಪೂರೈಸುತ್ತಿದ್ದರೆ, ಅದನ್ನು ಮುಚ್ಚಿದಾಗ ಶಿಕ್ಷೆ ಮಂಡಳಿಗಲ್ಲ, ಮಕ್ಕಳಿಗೆ. ಇನ್ನೊಂದು ತೊಡಕು ಗುಳೆ. ತೊಗರಿ ರಾಶಿ ಮುಗಿಯುತ್ತಲೇ ಹೈದರಾಬಾದ್, ಪುಣೆ, ಮುಂಬೈಗೆ ಹೊರಡುವ ಕುಟುಂಬದ ಮಗು ಮಾರ್ಚಿನ ಪರೀಕ್ಷೆಗೆ ಊರಲ್ಲಿರುವುದಿಲ್ಲ. ಫಲವನ್ನು ಆ ಪರೀಕ್ಷೆಯಿಂದಲೇ ಅಳೆದರೆ, ಅಂಥ ಮಗುವನ್ನು ಸೇರಿಸಿಕೊಳ್ಳದಿರುವುದೇ ಶಾಲೆಗೆ ಲಾಭ. ಲಾಟರಿಯೂ ಅರ್ಜಿಯ ಹೊತ್ತಿಗೆ ಪಾಲಕರು ಊರಲ್ಲಿರುವ ಮಗುವಿಗೇ ಅನುಕೂಲ.

ಹಾಗಾಗಿ ಕರಾರನ್ನು ಸೇಡಂ, ಚಿತ್ತಾಪುರ, ಶಹಾಬಾದ್ ಪಟ್ಟಣಗಳ ಅನುದಾನಿತ ಶಾಲೆಗಳಿಂದ ಆರಂಭಿಸುವುದು ಸೂಕ್ತ. ಖಾಲಿ ಹುದ್ದೆಗೆ ನಿಗದಿತ ಗಡುವಿನಲ್ಲಿ ಅನುಮತಿ ಕೊಡುವುದು ಸರ್ಕಾರದ ಪಾಲು. ಮುಂಗಾರಿಗೆ ಮುನ್ನ ಮರಳುವ ಮಕ್ಕಳನ್ನು ಸೇರಿಸಿಕೊಂಡು, ವರ್ಷವಿಡೀ ಅವರ ಓದು, ಬರಹ, ಲೆಕ್ಕದ ಪ್ರಗತಿಯನ್ನು ದಾಖಲಿಸುವುದು ಮಂಡಳಿಯ ಪಾಲು. ತಾಂಡಾದ ಒಂಟಿ ಶಾಲೆಗಳಿಗೆ ಮುಚ್ಚುವ ಷರತ್ತು ಅನ್ವಯಿಸಬಾರದು; ಅಲ್ಲಿ ಬದಲಾಗಬೇಕಾದದ್ದು ಆಡಳಿತ ಮಾತ್ರ.