ಲ್ಯಾಪರೊಸ್ಕೋಪಿಯಲ್ಲಿ ಹಿರಿಯರ ಹೃದಯ, ಶ್ವಾಸಕೋಶ: ಸಾಲಿಗ್ರಾಮದ ನೆಲೆಯಿಂದ ಒಂದು ಪರಿಶೀಲನೆ

ಪಿತ್ತಕೋಶದ ಕಲ್ಲಿಗೆಂದು ಸಾಲಿಗ್ರಾಮದಿಂದ ಉಡುಪಿಗೋ ಮಣಿಪಾಲಕ್ಕೋ ಹೊರಡುವ ಹಿರಿಯರಿಗೆ ಮನೆಯವರು ಧೈರ್ಯ ಹೇಳುವುದು ಹೀಗೆ: ‘ಹೊಟ್ಟೆ ಕೊಯ್ಯುವುದಿಲ್ಲವಂತೆ, ನಾಲ್ಕು ತೂತು ಅಷ್ಟೆ.’ 1990ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ಟೆಹೆಮ್ಟನ್ ಉದ್ವಾಡಿಯಾ ಈ ವಿಧಾನದಲ್ಲಿ ಪಿತ್ತಕೋಶ ತೆಗೆದ ಮೇಲೆ ಅದು ನಮ್ಮ ದೇಶದಲ್ಲಿ ರೂಢಿಗೆ ಬಂತು. ಗಾಯ ಚಿಕ್ಕದೆಂಬುದು ನಿಜ. ಆದರೆ ಎದೆಗೆ ಬೀಳುವ ಹೊರೆಯನ್ನು ಗಾಯದ ಉದ್ದದಿಂದ ಅಳೆಯಲಾಗದು.

ಕ್ಯಾಮೆರಾ ಆಡಲು ಜಾಗ ಬೇಕೆಂದು ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡನ್ನು ಸಾಮಾನ್ಯವಾಗಿ 12ರಿಂದ 15 ಮಿ.ಮೀ. ಪಾದರಸದ ಒತ್ತಡದಲ್ಲಿ ತುಂಬುತ್ತಾರೆ. ಎದೆ, ಹೊಟ್ಟೆಗಳ ನಡುವಿನ ವಪೆ ಮೇಲಕ್ಕೆ ಸರಿದು ಶ್ವಾಸಕೋಶದ ತಳಭಾಗ ಮುದುಡುತ್ತದೆ. ವಯಸ್ಸಾದವರಲ್ಲಿ ಸಣ್ಣ ಶ್ವಾಸನಾಳಗಳು ಮಲಗಿದೊಡನೆ ಮುಚ್ಚಿಕೊಳ್ಳತೊಡಗುವುದರಿಂದ ಆಮ್ಲಜನಕ ಬೇಗ ಇಳಿಯುತ್ತದೆ. ರಕ್ತಕ್ಕೆ ಸೇರಿದ ಅನಿಲವನ್ನು ಹೊರಹಾಕಲು ವೆಂಟಿಲೇಟರಿನ ಗತಿಯನ್ನೂ ಏರಿಸಬೇಕು. ಇತ್ತ ರಕ್ತನಾಳಗಳ ಪ್ರತಿರೋಧ ಹೆಚ್ಚುತ್ತದೆ. ತಲೆಯ ಕಡೆ ಎತ್ತರಿಸಿ ಮಲಗಿಸಿದ್ದರಿಂದ ಕಾಲಿನ ರಕ್ತ ಹೃದಯಕ್ಕೆ ಮರಳುವುದು ಕಡಿಮೆಯಾಗುತ್ತದೆ. ಉದರಪೊರೆ ಹಿಗ್ಗಿದ ಕ್ಷಣದಲ್ಲಿ ನಾಡಿ ಥಟ್ಟನೆ ಕುಸಿಯುವುದೂ ಉಂಟು. ಆಗ ಅರಿವಳಿಕೆ ತಜ್ಞರ ಮೊದಲ ಮಾತು, ‘ಗ್ಯಾಸ್ ಬಿಡಿ.’

ಹಾಗೆಂದು ಹೊಟ್ಟೆ ಕೊಯ್ಯುವುದೇ ಮೇಲೆಂದಲ್ಲ. ದೊಡ್ಡ ಗಾಯದ ನೋವಿಗೆ ಅಂಜಿ ಕೆಮ್ಮದೆ ಮಲಗಿದವರಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗುವ ಭಯ ಹೆಚ್ಚು. ಮೇಜಿನ ಮೇಲಿನ ಒಂದೆರಡು ಗಂಟೆ ದಾಟಿದರೆ ಲ್ಯಾಪರೊಸ್ಕೋಪಿಯ ಲಾಭ ಹೆಚ್ಚಾಗಿ ಸಿಗುವುದು ದುರ್ಬಲ ಶ್ವಾಸಕೋಶದವರಿಗೇ.

ಆ ಗಂಟೆಗಳನ್ನು ಯಾರು ತಾಳಿಕೊಂಡಾರು? ‘ಎರಡು ಮಹಡಿ ಹತ್ತುತ್ತೀರಾ?’ ಎಂಬುದು ವೈದ್ಯರ ರೂಢಿಯ ಪ್ರಶ್ನೆ. ಸಮತಟ್ಟಾದ ಕರಾವಳಿಯ ಹಂಚಿನ ಮನೆಯಲ್ಲಿ ಬಾಳಿದವರಿಗೆ ಆ ಪ್ರಶ್ನೆಯೇ ಹೊಂದದು. ದೈಹಿಕ ಸಾಮರ್ಥ್ಯವನ್ನು ಅಳೆಯುವ 1989ರ ಡ್ಯೂಕ್ ಪ್ರಶ್ನಾವಳಿ ಗಾಲ್ಫ್, ಸ್ಕೀಯಿಂಗ್ ಕುರಿತೂ ಕೇಳುತ್ತದೆ! ಆದರೂ ಅದನ್ನು ತಳ್ಳಿಹಾಕುವಂತಿಲ್ಲ: ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳ 1,401 ರೋಗಿಗಳ 2018ರ ಅಧ್ಯಯನದಲ್ಲಿ ವೈದ್ಯರ ಕಣ್ಣಂದಾಜು ಸೋತಿತು, ಈ ಪ್ರಶ್ನಾವಳಿ ಹೆಚ್ಚು ನೆರವಾಯಿತು. ಇಲ್ಲಿ ಕೇಳಬೇಕಾದದ್ದು ಬೇರೆ. ಬಾವಿಯಿಂದ ಸತತವಾಗಿ ಎಷ್ಟು ಕೊಡ ಸೇದುತ್ತೀರಿ? ಅಂಗಳ ಗುಡಿಸುವಾಗ ನಡುವೆ ಕೂರಬೇಕಾಗುತ್ತದೆಯೇ? ಗುರುನರಸಿಂಹ ದೇವಸ್ಥಾನಕ್ಕೆ ನಡೆದುಹೋಗುವಾಗ ಎಲ್ಲಿ ನಿಲ್ಲುತ್ತೀರಿ? ಬೀಡಿಯನ್ನೇ ಮುಟ್ಟದ ಅಜ್ಜಿಯೂ ಬಚ್ಚಲೊಲೆಗೆ ಮಡಲು, ತೆಂಗಿನ ಸಿಪ್ಪೆ ಒಡ್ಡಿ ದಶಕಗಟ್ಟಲೆ ಹೊಗೆ ಕುಡಿದಿರುತ್ತಾಳೆ. ‘ಧೂಮಪಾನ: ಇಲ್ಲ’ ಎಂದು ಬರೆದುಕೊಂಡರೆ ಆ ಹೊಗೆ ಲೆಕ್ಕಕ್ಕೇ ಬರುವುದಿಲ್ಲ.

ಇಂಥ ಪ್ರಶ್ನೆಗಳನ್ನು ಆರು ನಿಮಿಷದ ನಡಿಗೆ ಪರೀಕ್ಷೆಯೊಂದಿಗೆ ತಾಳೆ ನೋಡಿ ಕರಾವಳಿಗೆ ಒಪ್ಪುವ ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಬೇಕು. ಅದರಲ್ಲಿ ದುರ್ಬಲರೆಂದು ಕಂಡವರಿಗೆ ಅನಿಲವನ್ನು ನಿಧಾನವಾಗಿ ತುಂಬಿ, ಒತ್ತಡವನ್ನು 8ರಿಂದ 10ರೊಳಗೆ ಇಡಲಾದೀತೇ ಎಂಬುದನ್ನು ಶಸ್ತ್ರವೈದ್ಯರೂ ಅರಿವಳಿಕೆ ತಜ್ಞರೂ ಹಿಂದಿನ ದಿನವೇ ಕೂತು ತೀರ್ಮಾನಿಸಬೇಕು.