ಎಕ್ಡಿಸ್ ತಂತ್ರಾಂಶದ ಪರಿಷ್ಕರಣೆ: ಕೆಲವು ದಿನಾಂಕಗಳ ಪರಿಶೀಲನೆ

1. ವ್ಯಾಪ್ತಿ

ಹಡಗಿನ ಚಾಲನಾ ಕೊಠಡಿಯಲ್ಲಿರುವ ವಿದ್ಯುನ್ಮಾನ ನಕಾಶೆಯ ಪರದೆಗೆ, ಅಂದರೆ ಎಕ್ಡಿಸ್‌ಗೆ, ಎರಡು ಬಗೆಯ ಪರಿಷ್ಕರಣೆ ಬೇಕು. ಒಂದು ನಕಾಶೆಯ ದತ್ತಾಂಶದ್ದು. ಇದು ಸಾಮಾನ್ಯವಾಗಿ ವಾರಕ್ಕೊಮ್ಮೆ ಬರುತ್ತದೆ. ಇನ್ನೊಂದು ಆ ದತ್ತಾಂಶವನ್ನು ಓದಿ ಚಿತ್ರಿಸುವ ತಂತ್ರಾಂಶದ್ದು. ಉದಾಹರಣೆಗೆ, ನವಮಂಗಳೂರು ಬಂದರಿನ ನಕಾಶೆ ಸಿದ್ಧವಾಗುವುದು ಡೆಹ್ರಾಡೂನಿನ ಜಲಮಾಪನ ಕಚೇರಿಯಲ್ಲಿ. ಅದರ ಚಿಹ್ನೆ, ಬಣ್ಣಗಳನ್ನು ನಿಗದಿಪಡಿಸುವುದು ಅಂತರರಾಷ್ಟ್ರೀಯ ಜಲಮಾಪನ ಸಂಸ್ಥೆಯ (ಐಎಚ್‌ಒ) ಎಸ್-52 ಮಾನಕ. ಇಲ್ಲಿನ ಪರಿಶೀಲನೆ ತಂತ್ರಾಂಶಕ್ಕೆ ಸೀಮಿತ.

2. ಯಂತ್ರಕ್ಕೊಂದು, ತಂತ್ರಾಂಶಕ್ಕೊಂದು ನಿಯಮ

ಅಂತರರಾಷ್ಟ್ರೀಯ ಕಡಲ ಸಂಸ್ಥೆಯ (ಐಎಂಒ) ಕಾರ್ಯಮಾನಕಗಳು ಉಪಕರಣ ಅಳವಡಿಕೆಯಾದ ದಿನವನ್ನು ಆಧರಿಸಿವೆ. 1996ರ ಜನವರಿ 1ರಿಂದ 2008ರ ಕೊನೆಯವರೆಗೆ ಅಳವಡಿಸಿದವುಗಳಿಗೆ ಎ.817(19), ಆನಂತರ 2025ರ ಕೊನೆಯವರೆಗೆ ಅಳವಡಿಸಿದವುಗಳಿಗೆ ಎಂಎಸ್‌ಸಿ.232(82). ತಂತ್ರಾಂಶಕ್ಕೆ ಈ ರಿಯಾಯಿತಿ ಇಲ್ಲ. 2007ರ ಎಸ್‌ಎನ್.1/ಸುತ್ತೋಲೆ 266 (ಪರಿಷ್ಕೃತ ರೂಪ 2010, 2015ರಲ್ಲಿ ಎಂಎಸ್‌ಸಿ.1/ಸುತ್ತೋಲೆ 1503ರಲ್ಲಿ ವಿಲೀನ) ಈ ವಿಷಯದಲ್ಲಿ ಮುಖ್ಯ ಆಧಾರ. ಐಎಚ್‌ಒ ಮಾನಕಗಳ ಚಾಲ್ತಿ ಆವೃತ್ತಿಗೆ ಹೊಂದದ ಎಕ್ಡಿಸ್, ಕಡಲಿನಲ್ಲಿ ಜೀವಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದದ (ಸೋಲಾಸ್) 5ನೇ ಅಧ್ಯಾಯದ ನಕಾಶೆ ಷರತ್ತನ್ನು ಪೂರೈಸದಿರಬಹುದು ಎಂಬುದು ಅದರ ನಿಲುವು. ಕಾರಣ ತಾಂತ್ರಿಕವಾದದ್ದು. ವಿಶೇಷ ಸೂಕ್ಷ್ಮ ಕಡಲ ಪ್ರದೇಶ, ದ್ವೀಪಸಮೂಹದ ಜಲಮಾರ್ಗ ಮುಂತಾದ ಹೊಸ ವಸ್ತುವರ್ಗಗಳು ದತ್ತಾಂಶದಲ್ಲಿದ್ದರೂ ಹಳೆಯ ತಂತ್ರಾಂಶ ಅವನ್ನು ಸರಿಯಾಗಿ ತೋರಿಸದೆ ಹೋಗಬಹುದು, ಎಚ್ಚರಿಕೆಯನ್ನೂ ಕೊಡದಿರಬಹುದು. ಪರದೆ ಖಾಲಿಯಾಗುವುದಿಲ್ಲ, ದೋಷಸೂಚನೆಯೂ ಬರಬೇಕೆಂದಿಲ್ಲ. ಪ್ರಸ್ತುತ ಲೇಖಕರ ದೃಷ್ಟಿಯಲ್ಲಿ ಅಪಾಯದ ತಿರುಳು ಇದೇ.

3. ಒಂದು ವ್ಯತ್ಯಾಸ: 2016 ಅಥವಾ 2017?

ಎಸ್-52ರ ಪ್ರದರ್ಶನ ಸಂಗ್ರಹದ (ಪರದೆಯ ಮೇಲಿನ ಚಿಹ್ನೆ, ಬಣ್ಣಗಳ ಸಂಗ್ರಹ) 4.0 ಆವೃತ್ತಿ 2014ರದ್ದು. ಅದಕ್ಕೆ ಹೊಂದುವ ಪರೀಕ್ಷಾ ಮಾನಕವಾದ, ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ (ಐಇಸಿ) 61174ರ 4ನೇ ಆವೃತ್ತಿ ಪ್ರಕಟವಾದದ್ದು 2015ರ ಆಗಸ್ಟ್‌ನಲ್ಲಿ. ಪ್ರದರ್ಶನ ಸಂಗ್ರಹದ ಹಿಂದಿನ 3.4 ಆವೃತ್ತಿಯ ಕೊನೆಯ ದಿನವನ್ನು ಕೆಲವು ಸೂಚನೆಗಳು 2016ರ ಆಗಸ್ಟ್ 31 ಎಂದೂ ಕೆಲವು 2017ರ ಆಗಸ್ಟ್ 31 ಎಂದೂ ಕೊಡುತ್ತವೆ. ಎರಡೂ ತಪ್ಪಲ್ಲ: ಮೊದಲು ಕೊಟ್ಟಿದ್ದ ಗಡುವನ್ನು ಆಮೇಲೆ ಒಂದು ವರ್ಷ ಮುಂದಕ್ಕೆ ಹಾಕಲಾಯಿತು. ಜಾರಿಗೆ ಬಂದದ್ದು ಎರಡನೆಯದು. 2016ರ ದಿನಾಂಕವಿರುವ ಬರಹವನ್ನು ಆಧಾರವಾಗಿ ಬಳಸುವಾಗ ಅದು ಗಡುವು ಮುಂದೂಡುವ ಮುಂಚಿನದೇ ಎಂದು ನೋಡಿಕೊಳ್ಳುವುದು ಕ್ಷೇಮ.

ಬದಲಾವಣೆ ಕೇವಲ ಅಲಂಕಾರದ್ದಲ್ಲ. 4.0ರಲ್ಲಿ ಲಂಗರು ಪ್ರದೇಶ, ನೌಕಾಮಾರ್ಗಗಳ ಹೆಸರುಗಳನ್ನು ನೇರವಾಗಿ ಪರದೆಯ ಮೇಲೆ ಕಾಣಬಹುದು. ಅನಗತ್ಯ ಎಚ್ಚರಿಕೆ ಸದ್ದುಗಳನ್ನು ಕಡಿಮೆ ಮಾಡುವುದೂ ಅದರ ಉದ್ದೇಶವಾಗಿತ್ತು.

4. ಕಡ್ಡಾಯ ಅಳವಡಿಕೆಯೊಂದಿಗೆ ಹೋಲಿಕೆ

ಎಕ್ಡಿಸ್ ಕಡ್ಡಾಯವಾದದ್ದು 2012ರ ಜುಲೈಯಿಂದ ಹಂತಹಂತವಾಗಿ. ಆಗಲೇ ಸೇವೆಯಲ್ಲಿದ್ದ, 50,000 ಟನ್ನೇಜು ಮತ್ತು ಮೇಲ್ಪಟ್ಟ ಒಣಸರಕು ಹಡಗುಗಳಿಗೆ ಗಡುವು 2016ರ ಜುಲೈ 1ರ ನಂತರದ ಮೊದಲ ತಪಾಸಣೆ. ಹೀಗೆ 2016ರ ನಡುವಿನಲ್ಲಿ ಹಳೆಯ ಅನುಮೋದನೆಯ ಉಪಕರಣ ಕೊಂಡಿದ್ದರೆ ಸುಮಾರು ಹದಿನಾಲ್ಕು ತಿಂಗಳೊಳಗೇ ತಂತ್ರಾಂಶ ಬದಲಿಸಬೇಕಾಗುತ್ತಿತ್ತು. ಹಳೆಯ ಮಾದರಿಗಳಲ್ಲಿ ಕೆಲವಕ್ಕೆ ಯಂತ್ರಾಂಶವನ್ನೇ ಬದಲಿಸದೆ ಬೇರೆ ದಾರಿ ಇರಲಿಲ್ಲ.

5. ಎಸ್-100ರ ಅವಧಿ

2022ರ ನವೆಂಬರ್‌ನಲ್ಲಿ ಅಂಗೀಕೃತವಾದ ಎಂಎಸ್‌ಸಿ.530(106), ಐಎಚ್‌ಒದ ಹೊಸ ದತ್ತಾಂಶ ಮಾನಕವಾದ ಎಸ್-100ಕ್ಕೆ ದಾರಿ ತೆರೆಯಿತು. 2026ರ ಜನವರಿ 1ರಿಂದ ಹೊಸ ಅಳವಡಿಕೆಗೆ ಅದು ಐಚ್ಛಿಕ, 2029ರ ಜನವರಿ 1ರಿಂದ ಕಡ್ಡಾಯ. ಮಧ್ಯದ ಮೂರು ವರ್ಷ ಎಂಎಸ್‌ಸಿ.232(82), ಎಂಎಸ್‌ಸಿ.530(106) ಎರಡೂ ಕಾರ್ಯಮಾನಕಗಳು ಸಿಂಧು. ಆದ್ದರಿಂದ ಈ ಅವಧಿಯ ಅಪಘಾತ ವರದಿ, ತಪಾಸಣಾ ಪಟ್ಟಿಗಳನ್ನು ಅಭ್ಯಾಸ ಮಾಡುವವರು ಅಳವಡಿಕೆಯ ದಿನಾಂಕ, ತಂತ್ರಾಂಶದ ಆವೃತ್ತಿ, ಪ್ರದರ್ಶನ ಸಂಗ್ರಹದ ಆವೃತ್ತಿ ಇವನ್ನು ಪ್ರತ್ಯೇಕ ಕಲಮುಗಳಲ್ಲಿ ದಾಖಲಿಸಿಕೊಳ್ಳಬೇಕೆಂದು ಕೋರಿಕೆ.